ಇಲ್ಲವೆಂದು ನೀವು ಬರೆದ ಕೆಂಪು ಮಣ್ಣು

ಕುರ್ಚಿ ಬಿಟ್ಟೇಳದೆ ಭೂಮಿಯ ಹೊಟ್ಟೆಯನ್ನು ಕಾಣಬಲ್ಲ ಮುಖ್ಯ ಪರೀಕ್ಷಕರೇ,

ಈ ವರ್ಷದ ಏಳನೆಯ ತರಗತಿಯ ಮುಲ್ಕಿ ಪರೀಕ್ಷೆಯಲ್ಲಿ ನಮ್ಮ ಶಾಲೆಯ ಸುಗ್ರಾ ಎಂಬ ಹುಡುಗಿಯನ್ನು ತಾವು ಭೂಗೋಳದಲ್ಲಿ ನಾಪಾಸು ಮಾಡಿದ್ದೀರಿ. ಪಾಸಾಗಲು ಮೂವತ್ತೈದು ಅಂಕ ಬೇಕು, ಅವಳಿಗೆ ಬಂದದ್ದು ಮೂವತ್ತೊಂದು. ಹುಡುಗಿ ದಡ್ಡಿಯಾಗಿದ್ದರೆ ನಾನು ತೆಪ್ಪಗಿರುತ್ತಿದ್ದೆ. ಆದರೆ ಆರು ಅಂಕದ ಒಂದು ಪ್ರಶ್ನೆಗೆ ಅವಳು ನಿಜ ಬರೆದಳು, ತಾವು ಸೊನ್ನೆ ಸುತ್ತಿದಿರಿ. ಈ ತಿಂಗಳ ಕೊನೆಗೆ ಶಿಕ್ಷಕಿಯರ ಟ್ರೇನಿಂಗ್ ಕಾಲೇಜಿನ ಪ್ರವೇಶ ಮುಗಿಯುತ್ತದೆ. ಅಷ್ಟರೊಳಗೆ ಅವಳು ಪಾಸಾಗದಿದ್ದರೆ ಚಡಚಣದ ಕಡೆಯ ಒಂದು ಸಂಬಂಧಕ್ಕೆ ಮಾತು ಕೊಡುವುದಾಗಿ ಅವಳ ತಾಯಿ ಸೈದಾಬಿ ನನಗೆ ಹೇಳಿಬಿಟ್ಟಿದ್ದಾಳೆ.

ಪ್ರಶ್ನೆ ತಮ್ಮದೇ: "ನಿಮ್ಮ ಊರಿನ ನೆಲದ ಪದರುಗಳನ್ನು ಮೇಲಿನಿಂದ ಕೆಳಕ್ಕೆ ಬರೆಯಿರಿ." ಸುಗ್ರಾ ಬರೆದಳು: ಮೇಲೆ ಎರೆಮಣ್ಣು, ಅದರಡಿ ಗರಸು, ಅದರಡಿ ಕರಿಕಲ್ಲು, ಕರಿಕಲ್ಲಿನ ಅಡಿಗೆ ಮೊಳದಷ್ಟು ಕೆಂಪು ಮಣ್ಣು, ಅದರಡಿ ಮತ್ತೆ ಕರಿಕಲ್ಲು. ನಾನು ಅರ್ಜಿ ಕೊಟ್ಟು, ಎರಡು ಸಲ ವಿಜಾಪುರದ ಬಸ್ಸು ಹತ್ತಿ ಆ ಉತ್ತರಪತ್ರಿಕೆಯನ್ನು ಕಣ್ಣಾರೆ ಕಂಡೆ. ಅಂಚಿನಲ್ಲಿ ಕೆಂಪು ಶಾಯಿಯ ತಮ್ಮ ದುಂಡಗಿನ ಅಕ್ಷರ: "ಬಂಡೆಯ ಕೆಳಗೆ ಮಣ್ಣು ಇರುವುದಿಲ್ಲ. ಊಹೆ ಬರೆಯಬಾರದು." ಊಹೆ ಯಾರದು, ಮಾನ್ಯರೇ? ಪಠ್ಯಪುಸ್ತಕದಲ್ಲಿ ಮಣ್ಣು, ಗರಸು, ಬಂಡೆ ಎಂದು ಮೂರೇ ಮಾತು ಇವೆ. ಇಂಡಿ, ಸಿಂದಗಿ, ಬಾಗೇವಾಡಿ, ಮುದ್ದೇಬಿಹಾಳ, ನಾಲ್ಕು ತಾಲೂಕಿಗೂ ಅದೇ ಉತ್ತರ. ಮುದ್ದೇಬಿಹಾಳದ ಕಲ್ಲಿನ ಬಣ್ಣವೇ ಬೇರೆ, ನಮ್ಮದೇ ಬೇರೆ ಎಂಬುದು ದನ ಕಾಯುವವರಿಗೂ ಗೊತ್ತು. ಪುಸ್ತಕದ ಬದನೆಕಾಯಿಯಿಂದ ಹೊಟ್ಟೆ ತುಂಬುವುದು ತಮ್ಮ ಇಲಾಖೆಯಲ್ಲಿ ಮಾತ್ರ.

ಸುಗ್ರಾಳ ತಂದೆ ಮೋದಿನಸಾಬ ಬಾವಿ ತೋಡುವವನು. ಅವರ ಮನೆತನದಲ್ಲಿ ಒಂದು ಪದ್ಧತಿಯಿದೆ. ತೋಡುವಾಗ ನೆಲದ ಬಣ್ಣ ಬದಲಾದಾಗಲೆಲ್ಲ ಒಂದು ಹಿಡಿ ತೆಗೆದು ಹಳೆಯ ರುಮಾಲಿನ ತುಂಡಿನಲ್ಲಿ ಗಂಟು ಕಟ್ಟುತ್ತಾರೆ. ಬಾವಿಗೊಂದು ತುಂಡು, ಪದರಿಗೊಂದು ಗಂಟು, ಮೇಲಿನಿಂದ ಕೆಳಕ್ಕೆ ಸಾಲಾಗಿ. ಪಕ್ಕದ ಹೊಲದಲ್ಲಿ ಹೊಸ ಬಾವಿಗೆ ಇಳಿಯುವ ಮುಂಚೆ ಆ ಗಂಟುಗಳನ್ನು ಬಿಚ್ಚಿ ನೋಡುತ್ತಾರೆ. ಎಲ್ಲಕ್ಕಿಂತ ಹೆಚ್ಚು ಹೆದರುವುದು ನಾಲ್ಕನೆಯ ಗಂಟಿಗೆ, ಅಂದರೆ ಆ ಕೆಂಪು ಮಣ್ಣಿಗೆ. ಅದು ನೀರು ಕುಡಿದರೆ ಜಾರುತ್ತದೆ, ಮೇಲಿನ ಕಲ್ಲಿಗೆ ಆಸರೆ ತಪ್ಪುತ್ತದೆ. ಅದನ್ನು ಕಂಡಕೂಡಲೇ ಕಲ್ಲು ಕಟ್ಟಿ ಭದ್ರ ಮಾಡಬೇಕು.

ನಾಲ್ಕು ವರ್ಷದ ಹಿಂದೆ ಗುರಣ್ಣನ ಹೊಲದ ಬಾವಿಯಲ್ಲಿ ಕಲ್ಲು ಕಟ್ಟುವುದು ಒಂದು ದಿನ ತಡವಾಯಿತು. ಮೋದಿನಸಾಬನ ತಮ್ಮ ನಬಿಲಾಲ ಕೆಳಗಿದ್ದ. ಬುತ್ತಿ ಒಯ್ದಿದ್ದ ಸುಗ್ರಾ ಬಾವಿಯ ದಂಡೆಯಲ್ಲೇ ನಿಂತಿದ್ದಳು. ಅವನನ್ನು ಮೇಲೆತ್ತಿದಾಗ ಅಂಗಿಯ ತುಂಬ ಕೆಂಪು ಮಣ್ಣೇ ಇತ್ತು. ತಮ್ಮ ಲೆಕ್ಕದಲ್ಲಿ ಆ ಮಣ್ಣು ಇಲ್ಲವಷ್ಟೆ? ಹಾಗಾದರೆ ನಬಿಲಾಲನೂ ಸತ್ತಿಲ್ಲವೆಂದು ಅದೇ ಕೆಂಪು ಶಾಯಿಯಲ್ಲಿ ಬರೆದುಕೊಡಿ, ಅವನ ಹೆಂಡತಿ ನಜಮಾಳಿಗೆ ಓದಿ ಹೇಳುತ್ತೇನೆ.

ಮೂರನೆಯ ಸಲ ತಮ್ಮ ಕಚೇರಿಗೆ ಬರುವಾಗ ಮೋದಿನಸಾಬ ಆ ಬಾವಿಯ ರುಮಾಲನ್ನೇ ನನ್ನ ಕೈಗೆ ಕೊಟ್ಟ. "ಬಾಯಿಲೆ ಹೇಳಿದ್ರ ಸಾಹೇಬ್ರು ನಂಬಂಗಿಲ್ರಿ ಮಾಸ್ತರ. ಕೈಯಾಗ ಹಿಡದ್ರ ನಂಬ್ತಾರ" ಎಂದ. ಪಾಪ, ತಮ್ಮನ್ನು ಅವನು ಕಂಡಿರಲಿಲ್ಲ. ನಾನು ತಮ್ಮ ಮೇಜಿನ ಮೇಲೆ ಗಂಟುಗಳನ್ನೆಲ್ಲ ಬಿಚ್ಚಿದೆ. ತಾವು ಮುಟ್ಟಲೂ ಇಲ್ಲ. "ಪುಸ್ತಕದಾಗ ಎಲ್ಲಿ ಐತಿ ತೋರಸ್ರಿ. ಬಾವಿ ತೋಡಾವ್ರು ಹೇಳಿದ್ದಕ್ಕೆಲ್ಲಾ ಮಾರ್ಕು ಕೊಟ್ಕೋತ ಕುಂತ್ರ ಇಲಾಖೆ ನಡಿತೈತೇನು?" ಎಂದಿರಿ. ಆಮೇಲೆ ಸಿಪಾಯಿಯನ್ನು ಕರೆದು, "ಏ, ಇದನ್ನ ಹೊರಗ ಝಾಡಿಸ್ಕೊಂಡ ಬಾ, ಟೇಬಲ್ ಹೊಲಸಾತು" ಎಂದಿರಿ. ನಬಿಲಾಲನನ್ನು ಕೊಂದ ಮಣ್ಣು ತಮ್ಮ ಕಚೇರಿಯ ಕಾಂಪೌಂಡಿನಲ್ಲಿ ಬಿದ್ದಿದೆ. ನಾನು ಬರಿಯ ಬಟ್ಟೆ ಹಿಡಿದುಕೊಂಡು ಊರಿಗೆ ಹೋದೆ.

ತಮಗೆ ಬೇಡವಾದರೂ ಆ ಮಣ್ಣು ಅಲ್ಲಿಗೆ ಹೇಗೆ ಬಂತೆಂದು ಹೇಳುತ್ತೇನೆ. ನಿಡಗುಂದಿಯ ಕಡೆ ಅಣೆಕಟ್ಟಿಗಾಗಿ ನೆಲ ನೋಡಲು ಬಂದಿದ್ದ ಭೂಗರ್ಭ ಶಾಸ್ತ್ರದವರೊಬ್ಬರು ನನಗೆ ತಿಳಿಸಿದ್ದು ಇದು. ನಮ್ಮ ಕರಿಕಲ್ಲು ಒಂದು ಕಾಲಕ್ಕೆ ಭೂಮಿಯ ಒಳಗಿನಿಂದ ಉಕ್ಕಿ ಹರಿದ ಬೆಂಕಿಯ ರಸ. ಒಮ್ಮೆ ಹರಿದು ಆರಿತು. ಎಷ್ಟೋ ಸಾವಿರ ವರ್ಷ ಬಿಸಿಲು ಮಳೆಗೆ ಸವೆದು ಅದರ ಮೈ ಮಣ್ಣಾಯಿತು. ಅದರ ಮೇಲೆ ಮತ್ತೊಂದು ರಸ ಹರಿದು, ಆ ಮಣ್ಣನ್ನು ಆವಿಗೆಯ ಇಟ್ಟಿಗೆಯಂತೆ ಕೆಂಪಗೆ ಸುಟ್ಟು ಮುಚ್ಚಿತು. ಹೀಗಾಗಿ ಬಂಡೆಯ ಕೆಳಗೆ ಮಣ್ಣು, ಮಣ್ಣಿನ ಕೆಳಗೆ ಬಂಡೆ. ಏಳನೆಯ ಇಯತ್ತೆಯ ಹುಡುಗಿಗೆ ಇದು ಒಂದೇ ಸಲಕ್ಕೆ ತಿಳಿಯಿತು.

ತಮ್ಮನ್ನು ಇಷ್ಟು ಬೈದ ಮೇಲೆ ನನ್ನದನ್ನೂ ಹೇಳಬೇಕು. ಊರಿಗೆ ಮರಳಿದ ದಿನ ನಾನು ಸುಗ್ರಾಳಿಗೆ, "ಅಕ್ಟೋಬರದಾಗ ಮತ್ತ ಕೂಡವಾ, ಅಲ್ಲೀತನಕ ನಿಮ್ಮವ್ವನ್ನ ನಾ ಒಪ್ಪಸ್ತೇನಿ. ಪುಸ್ತಕದಾಗ ಇದ್ದಂಗ ಬರದು ಪಾಸಾಗು" ಎಂದೆ. ಹೌದು, ಇಪ್ಪತ್ತೆರಡು ವರ್ಷ ಮಾಸ್ತರಿಕೆ ಮಾಡಿದವನು ಒಂದು ಕೂಸಿಗೆ ಸುಳ್ಳು ಬರೆಯೆಂದು ಹೇಳಿದೆ. ಅವಳು ನನ್ನನ್ನೇ ಕೇಳಿದಳು:

"ಬರದ್ರ ಪಾಸಾಗ್ತೇನಿ, ಖರೇರಿ. ನಾಳೆ ನಾ ಸಾಲ್ಯಾಗ ನಿಂತು ಕಲ್ಲಿನ ಕೆಳಗ ಮಣ್ಣಿಲ್ಲ ಅಂತ ಹೇಳಿದ್ರ, ಅದನ್ನ ನಂಬಿ ಯಾರರ ಬಾವ್ಯಾಗ ಇಳದ್ರೇನ್ರಿ?"

ನಾಚಿಕೆಯಿಂದ ತಲೆ ತಗ್ಗಿಸಿದೆ.

ನಾನು ಕೇಳುವುದು ಭಿಕ್ಷೆಯಲ್ಲ. ತಿಂಗಳು ಮುಗಿಯುವುದರೊಳಗೆ ಆ ಉತ್ತರವನ್ನು ಮತ್ತೆ ತಿದ್ದಿ, ಅವಳ ಅಂಕ ಅವಳಿಗೆ ಕೊಡಿ. ಮರುಪರೀಕ್ಷೆಗೆ ಅವಳು ಕೂಡುವುದಿಲ್ಲ, ಆ ಹಟ ನನಗೆ ಗೊತ್ತು. ತಾವು ಕೊಡದಿದ್ದರೆ ನಿಕಾ ಆಗಿ ಹೋಗುತ್ತಾಳೆ, ನೆಲ ಎಲ್ಲಿ ಜಾರುತ್ತದೆಂದು ಮಕ್ಕಳಿಗೆ ಹೇಳಬಲ್ಲ ಒಬ್ಬ ಮಾಸ್ತರತಿ ಈ ತಾಲೂಕಿಗೆ ಇಲ್ಲವಾಗುತ್ತಾಳೆ. ಸರಕಾರಕ್ಕೇನೂ ಕೊರತೆಯಾಗದು. ತಮ್ಮಂಥವರೂ ನನ್ನಂಥವರೂ ಬೇಕಾದಷ್ಟು ಉಳಿದಿರುತ್ತೇವೆ.

ಇಂತಿ,
ತಾನು ಕಲಿಸಿದ ನಿಜಕ್ಕೆ ತಾನೇ ಹೆದರಿದ,
ಸಾಲೋಟಗಿಯ ಆಚೆಯ ಹಳ್ಳಿಯೊಂದರ ಕನ್ನಡ ಶಾಲೆಯ ಮಾಸ್ತರ,
ಸಿದ್ದರಾಯ