ಬಾವಿಯ ದಾರಿಯ ಹುಲ್ಲು

ಕಾಡುಗೋಡಿ, ಭಾನುವಾರ

ಕೊಟ್ರೇಶ್ ಸರ್ ಅವರಿಗೆ ಮಹಾನಂದಾ ಮಾಡುವ ನಮಸ್ಕಾರ.

ನಾಳೆಯಿಂದ ನನ್ನನ್ನು ಉಪಗ್ರಹದ ಚಿತ್ರಗಳಲ್ಲಿ ಮಾಲ್‌ಗಳ ಪಾರ್ಕಿಂಗ್‌ನ ಕಾರು ಎಣಿಸುವ ಕೆಲಸಕ್ಕೆ ಹಾಕಿದ್ದೀರಿ. ಹೋಗುತ್ತೇನೆ. ಆದರೆ ಯುದ್ಧ ನಡೆಯುತ್ತಿರುವ ಸುಡಾನ್‌ನ ಆ ಹಳ್ಳಿ ‘ಸುರಕ್ಷಿತ’ ಎಂದು ವರದಿ ಕಳಿಸುವ ಮುನ್ನ ಇದನ್ನು ಓದಿ. ಉಪಗ್ರಹದ ಚಿತ್ರದಲ್ಲಿ ನಾವು ಸುಟ್ಟ ಮನೆ ಗುರುತಿಸಿದ ಕಡೆಗೆ ಜನರನ್ನು ಕಾಪಾಡುವವರು ಹೋಗುತ್ತಾರೆ ಎಂದು ಮೊದಲ ದಿನ ನೀವೇ ಹೇಳಿದ್ದಿರಿ.

ಅಲ್ಲಿ ಒಂದು ಚಾವಣಿಯೂ ಸುಟ್ಟಿಲ್ಲ, ನಿಜ. ಕಳೆದ ತಿಂಗಳ ಚಿತ್ರದಲ್ಲಿ ಅಂಗಳಗಳೆಲ್ಲ ಹಸಿರಾಗಿದ್ದವು. ನಾನು ಕೊಪ್ಪಳದವಳು, ಹಸಿರು ಕಂಡರೆ ಸಾಕು, ಜೀವ ಹಿಗ್ಗುತ್ತದೆ. “ಮಳಿ ಚೊಲೊ ಆಗೈತಿ ನೋಡ್ರಿ ಸರ್” ಎಂದು ನಿಮ್ಮನ್ನೇ ಕರೆದು ತೋರಿಸಿದೆ. ನೀವೂ ಬರದ ಸೀಮೆಯವರು. “ಪಾಪ, ಅಷ್ಟಾದ್ರೂ ಆತಲ್ಲ” ಅಂದಿರಿ. ಇಬ್ಬರೂ ಸಂತೋಷದಿಂದ ಚಹಾ ಕುಡಿದೆವು.

ಮೊನ್ನೆ ಹಳೆಯ ಚಿತ್ರವನ್ನು ಪಕ್ಕದಲ್ಲಿಟ್ಟು ನೋಡಿದೆ. ಅದರಲ್ಲಿ ಪ್ರತಿ ಮನೆಯಿಂದಲೂ ಬಾವಿಗೆ ಬಿಳಿ ಗೆರೆಯಂಥ ಕಾಲುದಾರಿ ಇತ್ತು. ಈಗ ಆ ದಾರಿಯ ಮೇಲೂ ಹುಲ್ಲು ಬೆಳೆದಿದೆ. ನೀರಿಗೆ ಯಾರೂ ಬಂದಿಲ್ಲ, ಸರ್. ಓಡಿಹೋದರೋ, ಕೊಂದುಹಾಕಿದರೋ, ಚಿತ್ರ ಹೇಳುವುದಿಲ್ಲ. ನಿಮಗೆ ತೋರಿಸಿದರೆ, “ಹುಲ್ಲಿಗೆ ನಮ್ಮಲ್ಲಿ ಕಾಲಂ ಇಲ್ಲವ್ವಾ, ಚಾವಣಿ ಅಷ್ಟ ನೋಡು” ಅಂದಿರಿ.

ಕಾಲಂ ಬೇಡ. ವರದಿಯ ಕೆಳಗೆ ಒಂದು ಸಾಲು ಬರೆಯಿರಿ: ಬಾವಿಗೆ ಯಾರೂ ಬರುತ್ತಿಲ್ಲ. ಅಷ್ಟು ಸಾಕು. ನನ್ನ ಹೆಸರು ಹಾಕಿದರೂ ಸರಿ, ಕೆಲಸದಿಂದ ತೆಗೆದರೂ ಸರಿ.

ಬೇಗ ಕಳಿಸಿ. ಶುಕ್ರವಾರ ಬಂದ ಚಿತ್ರದಲ್ಲಿ ಪಕ್ಕದ ಹಳ್ಳಿಯಲ್ಲೂ ಮಳಿ ಚೊಲೊ ಆಗೈತಿ.

ನಿಮ್ಮ ಉತ್ತರ ಕಾಯುವ,
ಮಹಾನಂದಾ