ಹಚ್ಚಿಕೊಂಡ ತಪ್ಪಿಗೆ ವರ್ಗಾವಣೆ

ಬಾಲಕಿಯರ ವಸತಿನಿಲಯಗಳ ಉಸ್ತುವಾರಿ ಹೊತ್ತ ಜಿಲ್ಲಾ ಅಧಿಕಾರಿಗಳಿಗೆ,

ಮಾನ್ಯರೇ,

ಭದ್ರಾವತಿಯ ವಸತಿನಿಲಯದಿಂದ ಅಡುಗೆಯ ದುರ್ಗಮ್ಮನನ್ನು ನೀವು ಶಿವಮೊಗ್ಗಕ್ಕೆ ಎತ್ತಂಗಡಿ ಮಾಡಿದ್ದೀರಿ. ಆಕೆ ಅಕ್ಕಿ ಕದ್ದಿರಲಿಲ್ಲ, ಸಾರಿಗೆ ನೀರು ಬೆರೆಸಿರಲಿಲ್ಲ. ಬಿಂದುಶ್ರೀ ಎಂಬ ಹನ್ನೊಂದು ವರ್ಷದ ಹುಡುಗಿ ಆಕೆಯನ್ನು ಹಚ್ಚಿಕೊಂಡಳು, ಅಷ್ಟೇ ಅಪರಾಧ. ನಿಮ್ಮ ಆದೇಶದ ಭಾಷೆಯಲ್ಲಿ, "ನಿವಾಸಿ ವಿದ್ಯಾರ್ಥಿನಿಯು ಒಬ್ಬರೇ ಸಿಬ್ಬಂದಿಯ ಮೇಲೆ ಅತಿಯಾದ ಅವಲಂಬನೆ ಹೊಂದಿರುವುದು ಕಂಡುಬಂದಿದೆ." ಅಡುಗೆಮನೆಯಲ್ಲಿ ಜಿರಳೆ ಕಂಡುಬಂದಂತೆ ಪ್ರೀತಿಯೂ ಕಂಡುಬಂದಿತಲ್ಲ, ನಿಮ್ಮ ಕಣ್ಣು ಬಹಳ ಚುರುಕು.

ನಾನು ವಿನೋಬನಗರದವಳು. ಶನಿವಾರ ಮಧ್ಯಾಹ್ನ ಆ ಮಕ್ಕಳಿಗೆ ಪದ್ಯ ಓದಿ ಹೇಳಲು ಹೋಗುತ್ತೇನೆ. ನನ್ನನ್ನು ಯಾರೂ ನೇಮಿಸಿಲ್ಲವಾದ್ದರಿಂದ ವರ್ಗಾಯಿಸುವ ಸುಖವೂ ನಿಮಗಿಲ್ಲ. ಹಾಗಾಗಿ ನಿಮ್ಮ ಕಡತದಲ್ಲಿ ಇಲ್ಲದ್ದನ್ನು ಧೈರ್ಯವಾಗಿ ಬರೆಯುತ್ತಿದ್ದೇನೆ.

ಬಿಂದುಶ್ರೀಗೆ ತಾಯಿ ಮೊದಲೇ ಇರಲಿಲ್ಲ. ತಂದೆ ಮಾಚೇನಹಳ್ಳಿಯ ಒಂದು ವರ್ಕ್‌ಶಾಪಿನಲ್ಲಿದ್ದ. ಅಲ್ಲಿ ಗ್ಯಾಸ್ ಸಿಲಿಂಡರ್ ಸಿಡಿದು ಆತ ಸತ್ತ ದಿನ ಈ ಮಗು ಬುತ್ತಿ ಹಿಡಿದು ಬಾಗಿಲಲ್ಲೇ ನಿಂತಿತ್ತು. ವಸತಿನಿಲಯಕ್ಕೆ ಸೇರಿದ ಮೇಲೆ ಬೇಳೆ ಬೇಯುವ ದೊಡ್ಡ ಕುಕ್ಕರ್ ಕೂಗಿದರೆ ಸಾಕು, ಮಂಚದ ಕೆಳಗೆ ಸೇರಿಬಿಡುತ್ತಿದ್ದಳು. ದುರ್ಗಮ್ಮ ಅವಳನ್ನು ಕೈಹಿಡಿದು ಕರೆತಂದು ಅಡುಗೆಮನೆಯ ಹೊಸ್ತಿಲ ಮೇಲೆ ಕೂರಿಸಿದರು. ಪ್ರತಿ ಸಲವೂ ಕೂಗುವ ಮುಂಚೆಯೇ ಹೇಳುತ್ತಿದ್ದರು: "ಈಗೊಂದು ಕೂಗುತ್ತೆ ಕಣೇ. ಕುಕ್ಕರೇ ಅದು. ನಾನಿಲ್ಲೇ ಇದೀನಿ."

ನಾಲ್ಕು ತಿಂಗಳು, ಒಂದು ದಿನವೂ ತಪ್ಪಿಸದೆ ಹೇಳಿದರು. ಒಂದು ಶನಿವಾರ ನನ್ನೆದುರೇ ಹುಡುಗಿ ಮೊದಲು ಬಾಯಿ ತೆರೆದಳು. "ದುರ್ಗಮ್ಮಕ್ಕ, ಈಗ ಕೂಗುತ್ತೆ, ಹೆದರ್ಕೋಬೇಡಿ." ದುರ್ಗಮ್ಮ ಸೌಟು ಕೆಳಗಿಟ್ಟು, "ಹೆದರ್ಕೊಂಡೆ ಮಾರಾಯ್ತಿ, ಬಂದು ಕೈ ಹಿಡ್ಕೋ," ಎಂದರು. ಆ ಮಗು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು.

ಆಮೇಲೆ ನಿಮ್ಮ ಇಲಾಖೆಯ ಕಾರ್ಯಾಗಾರ ನಡೆಯಿತು. 'ಆಘಾತಕ್ಕೊಳಗಾದ ಮಕ್ಕಳ ಆರೈಕೆ' ಎಂಬ ಫ್ಲೆಕ್ಸ್, ವೇದಿಕೆಯ ಮೇಲೆ ಏಳು ಕುರ್ಚಿ. ನೊಂದ ಮಗುವಿಗೆ ಬಿಟ್ಟುಹೋಗದ ಒಬ್ಬ ಹಿರಿಯರು ಸಿಕ್ಕರೆ ಅದು ಚೇತರಿಸಿಕೊಳ್ಳುತ್ತದೆ ಎಂದು ಉಪನ್ಯಾಸಕರು ಹೇಳಿದಾಗ ನೀವು ತಲೆದೂಗಿದಿರಿ. ಮೂರನೇ ಸಾಲಿನಿಂದ ನೋಡುತ್ತಿದ್ದೆ. ಆ ಒಬ್ಬರನ್ನು ಎತ್ತಿಹಾಕುವ ಆದೇಶಕ್ಕೆ ಒಂಬತ್ತು ದಿನದ ನಂತರ ಸಹಿ ಮಾಡಿದ್ದೂ ಅದೇ ತಲೆಯ ಅಪ್ಪಣೆಯಿಂದಲೇ ಅಲ್ಲವೇ?

ನಿಮ್ಮ ಕಚೇರಿಗೆ ಬಂದು ಕೇಳಿದೆ. ತಾಳ್ಮೆಯಿಂದಲೇ ಉತ್ತರಿಸಿದಿರಿ: "ನಾಳೆ ಆಕೆ ರಿಟೈರ್ ಆದ್ರೆ ಹುಡುಗಿ ಏನ್ ಮಾಡ್ತಾಳೆ ಮೇಡಂ? ಈಗ್ಲೇ ಗಟ್ಟಿ ಆಗ್ಲಿ ಬಿಡಿ." ಮುರಿದ ಕಾಲಿನ ಪಟ್ಟಿಯನ್ನು ಮೂರನೇ ದಿನ ಬಿಚ್ಚಿ, ಈಗಲೇ ನಡೆದು ಗಟ್ಟಿಯಾಗು ಎನ್ನುವ ವೈದ್ಯರ ಹತ್ತಿರ ನಿಮ್ಮ ಮನೆಯವರನ್ನು ಕರೆದೊಯ್ಯುತ್ತೀರಾ? ಹಿಡಿದುಕೊಳ್ಳಲು ಒಂದು ಕೈಯೂ ಇಲ್ಲದೆ ಗಟ್ಟಿಯಾದ ಒಬ್ಬರನ್ನಾದರೂ ನೀವು ಕಂಡಿದ್ದೀರಾ? ನೀವೇ ಹಾಗೆ ಬೆಳೆದವರೇ?

ಆದರೂ ನಿಮ್ಮ ಮಾತು ಸುಳ್ಳಾಗಲಿಲ್ಲ. ಬಿಂದುಶ್ರೀ ಗಟ್ಟಿಯಾಗಿದ್ದಾಳೆ. ಹೊಸ ಅಡುಗೆಯಾಕೆ ಪಾಪ ಒಳ್ಳೆಯವರೇ, ತಲೆ ಬಾಚಲು ಕರೆದರೆ ಅವರಿಂದಲೂ ದೂರ ಸರಿಯುತ್ತಾಳೆ. ಕಳೆದ ಶನಿವಾರ ಅವಳ ಪಕ್ಕ ಕೂರಲು ಹೋದೆ. ಸುತ್ತ ನೋಡಿ ಮೆಲ್ಲಗೆ ಹೇಳಿದಳು:

"ಇಲ್ಲಿ ಕೂತ್ಕೋಬೇಡಿ ಮಿಸ್. ಸಾಹೇಬ್ರು ನೋಡಿದ್ರೆ ನಿಮ್ಮನ್ನೂ ಕಳಿಸ್ಬಿಡ್ತಾರೆ."

ತಾನು ಹಚ್ಚಿಕೊಂಡವರೆಲ್ಲ ತನ್ನಿಂದಲೇ ಇಲ್ಲವಾಗುತ್ತಾರೆ ಎಂದು ಆ ಮಗು ನಂಬಿದೆ. ಅಪ್ಪನ ವಿಷಯದಲ್ಲಿ ಅದು ಬರೀ ಅನುಮಾನವಾಗಿತ್ತು. ನೀವು ಸಹಿ, ಮೊಹರು ಹಾಕಿ ಖಚಿತಪಡಿಸಿದಿರಿ.

ದಸರಾ ರಜೆ ಮುಗಿದು ಶಾಲೆ ತೆರೆಯುವುದರೊಳಗೆ ದುರ್ಗಮ್ಮ ಭದ್ರಾವತಿಗೆ ಮರಳಬೇಕು. ಮಕ್ಕಳು ಹಚ್ಚಿಕೊಂಡರೆಂಬ ಕಾರಣಕ್ಕೆ ಇನ್ನು ಯಾರನ್ನೂ ವರ್ಗಾಯಿಸಕೂಡದು. ಆಮೇಲೆ, ದಫೇದಾರರನ್ನು ಕಳಿಸದೆ ತಾವೇ ಬಂದು, ಆ ಹುಡುಗಿಯೆದುರು ನೆಲದ ಮೇಲೆ ಕೂತು, "ತಪ್ಪು ನಂದು ಕಣಮ್ಮ, ನಿಂದಲ್ಲ," ಎಂದು ಹೇಳಬೇಕು. ಇದಕ್ಕೆ ನಿಮ್ಮಲ್ಲಿ ನಮೂನೆ ಇಲ್ಲವೆಂದು ಬಲ್ಲೆ. ಬಾಯಲ್ಲಿ ಹೇಳಿದರೆ ಸಾಕು.

ಇಂತಿ,
ಬಿಂದುಶ್ರೀಯ ಕೋರಿಕೆಯಂತೆ ಸದ್ಯ ಅವಳಿಂದ ನಾಲ್ಕು ಮಾರು ದೂರ ಕೂರುವ,
ವೀಣಾ, ವಿನೋಬನಗರ