ಐದು ಮುತ್ತೈದೆಯರ ಮುಂದೆ

3 ಜೂನ್ 2007, ಭಾನುವಾರ

ಮತ್ತೆ ಸೀರೆ ಬದಲಿಸಿದೆ. ಇವತ್ತು ಮೂರನೆಯದು! ಮದುವೆಯಾಗಿ ಇಪ್ಪತ್ತೊಂದು ದಿನ, ಇನ್ನೂ ಹೊಸಪೇಟೆಯ ಅರ್ಧ ಊರು ನನ್ನನ್ನು ನೋಡಲು ಬರುತ್ತಲೇ ಇದೆ. ಸಿದ್ದಲಿಂಗೇಶ್ — ನನ್ನ ಸಿದ್ದು!! — ಸಂಡೂರಿನ ಮೈನ್ಸ್ ಕ್ಯಾಂಪಿನಿಂದ ಬೆಳಿಗ್ಗೆಯೇ ಬಂದ. ಕಿವಿಯೊಳಗೂ ಕೆಂಪು ಧೂಳು. ಸೋ ಹ್ಯಾಂಡ್ಸಮ್.

ಇವತ್ತು ನನಗೆ ಉಡಿ ತುಂಬಿದರು. ಮಣೆ ಮೇಲೆ ಕೂತೆ. ಮಡಿಲ ತುಂಬ ಅಕ್ಕಿ, ಕೊಬ್ಬರಿ, ಉತ್ತತ್ತಿ. ಒಳಕೋಣೆಯಲ್ಲಿ ವಿರು ಅಳುತ್ತಿದ್ದಳು. ವಿರುಪಮ್ಮ, ಆರು ವರ್ಷ, ಸಿದ್ದುವಿನ ಅಣ್ಣನ ಮಗಳು. ಎರಡು ವರ್ಷದ ಹಿಂದೆ ಅವಳ ಅಪ್ಪ ಅಮ್ಮ ಇಬ್ಬರೂ ಅದಿರಿನ ಲಾರಿಗೆ ಸಿಕ್ಕಿ ಹೋದರು. ವಿರು ನಡೆಯಲ್ಲ, ಮಾತಿಲ್ಲ, ಫಿಟ್ಸ್ ಬರುತ್ತೆ. ಹುಟ್ಟುವಾಗಲೇ ಮೆದುಳಿಗೆ ಪೆಟ್ಟಂತೆ. ಆದರೆ ಆ ಕಣ್ಣು! ತಡೆಯಲಾಗಲಿಲ್ಲ. ಹೊರಗೆ ಎತ್ತಿ ತರಿಸಿ, ಅಕ್ಕಿಯ ಮೇಲೇ ಕೂರಿಸಿಕೊಂಡೆ. "ಫೋಟೋ ತೆಗೀರಿ!" ಅಂದೆ.

ಎಲ್ಲರೂ ಮುಖ ಮುಖ ನೋಡಿಕೊಂಡರು. ಆಮೇಲೆ ಪಕ್ಕದ ಮನೆಯ ದ್ಯಾಮಕ್ಕ, "ಉಡಿಯಾಗ ಹಾಕ್ಕೊಂಡ್ಲು ನೋಡ್ರೇ! ಐದು ಮಂದಿ ಮುತ್ತೈದೇರ ಮುಂದ!" ಅಂದಳು. ಅತ್ತೆಯ ಕಣ್ಣು ತುಂಬಿತು. ನನ್ನ ಕೆನ್ನೆ ಸವರಿ ನೆಟಿಗೆ ಮುರಿದರು. ನಾನು ಎಲ್ಲರಿಗೂ ಥ್ಯಾಂಕ್ಸ್ ಹೇಳಿದೆ!!

5 ಜೂನ್

ಅತ್ತೆ ವಿರುವಿನ ಹಾಸಿಗೆಯನ್ನು ನಮ್ಮ ರೂಮಿನಲ್ಲಿ ಹಾಸಿದರು. ಔಷಧಿ ಡಬ್ಬಿಯೂ ಬಂತು.

"ಯಾಕ್ರಿ ಅತ್ತಿ?"

"ನಿನ್ನ ಮಗಳಲ್ಲೇನವ್ವಾ? ಉಡಿಯಾಗ ಹಾಕ್ಕೊಂಡ ಮ್ಯಾಲೆ ಮುಗೀತು, ದತ್ತು ತಗಂಡಂಗ. ಇದಕ್ಕ ಕೋರ್ಟು ಬ್ಯಾಡ, ಕಾಗದ ಬ್ಯಾಡ."

ತಮಾಷೆ ಅಂದುಕೊಂಡು ನಕ್ಕೆ. ಅವರು ನಗುತ್ತಿರಲಿಲ್ಲ. ಸಿದ್ದುಗೆ ಫೋನ್ ಮಾಡಿದೆ. "ಗೊತ್ತಿದ್ದೇ ಮಾಡಿದಿ ಅನ್ಕಂಡಿದ್ನಲ್ಲೇ! ಇಡೀ ಕ್ಯಾಂಪಿಗೆ ಹೇಳೀನಿ, ನನ್ ಹೆಂಡ್ತಿ ಬಂಗಾರ ಅಂತ."

ಬಂಗಾರ... ಇಪ್ಪತ್ತೆರಡು ವರ್ಷಕ್ಕೆ ನಾನು ಮಮ್ಮಿ!? ಸರಿ. ಮಾಡಿಯೇ ತೋರಿಸುತ್ತೇನೆ. ಅಷ್ಟು ಮುದ್ದು ಹುಡುಗಿ, ಎಷ್ಟು ಕಷ್ಟ ಇರಬಹುದು?

19 ಜೂನ್, ಮಧ್ಯಾಹ್ನ

ಒಂದು ಬಟ್ಟಲು ಗಂಜಿಗೆ ಒಂದೂವರೆ ತಾಸು. ದಿನಕ್ಕೆ ಮೂರು ಸಲ. ಅರ್ಧ ನನ್ನ ಮೈಮೇಲೆ. ಅತ್ತೆಗೆ ಬೆನ್ನು ಬಾಗದು — ಎತ್ತುವುದು, ತೊಳೆಯುವುದು ಎಲ್ಲ ನಾನೇ. ಸೀರೆಗಳು ಬೀರುವಿನಲ್ಲಿ. ನೈಟಿಯಲ್ಲೇ ಬದುಕು.

ಕಂಪ್ಲಿಯಿಂದ ಅಮ್ಮನ ಫೋನ್. "ಹುಚ್ಚೀ, ನಿಂದೊಂದು ಹುಟ್ಟೋಕಿಂತ ಮೊದ್ಲ ಇದನ್ಯಾಕ ಕಟ್ಕಂಡಿ? ಕಾನ್ವೆಂಟಿನ್ಯಾಗ ಉಡಿ ಅಂದ್ರ ಏನಂತ ಕಲಿಸ್ಲಿಲ್ಲೇನು?"

ನೀವೂ ಕಲಿಸಲಿಲ್ಲವಲ್ಲ, ಅಮ್ಮ.

ವಿರು ಇವತ್ತು ನನ್ನ ಬಳೆ ಹಿಡಿದಳು. ಬಿಡಲೇ ಇಲ್ಲ. ಅಳು ಬಂತು. ಖುಷಿಗಾ... ಗೊತ್ತಿಲ್ಲ.

8 ಜುಲೈ, ಭಾನುವಾರ

ನನ್ನ ತಪ್ಪು. ನನ್ನದೇ.

ಸಿದ್ದು ಬಂದಿದ್ದ. ಹಂಪಿಗೆ ಹೋಗೋಣ ಅಂದ, ಬೈಕಿನಲ್ಲಿ, ಇಬ್ಬರೇ. ಕುಣಿದುಬಿಟ್ಟೆ. ವಿರುಗೆ ಬೆಳಗಿನ ಫಿಟ್ಸ್ ಸಿರಪ್ ಕೊಡುವುದನ್ನು ಮರೆತೆ. ಕಡ್ಡಿರಾಂಪುರ ದಾಟುವಷ್ಟರಲ್ಲಿ ಮನೆಯಿಂದ ಫೋನ್. ವಾಪಸ್ ಬಂದರೆ ಫಿಟ್ಸ್ ಇನ್ನೂ ಬಿಟ್ಟಿರಲಿಲ್ಲ. ತುಟಿ ನೀಲಿ. ಆಸ್ಪತ್ರೆಯಲ್ಲಿ ಎರಡು ಇಂಜೆಕ್ಷನ್. ಡಾಕ್ಟರು "ತಾಯಿ ಯಾರು?" ಅಂದರು. ಎಲ್ಲರೂ ನನ್ನ ಕಡೆ ತಿರುಗಿದರು.

ಇಲ್ಲಿ ಮಾತ್ರ ಬರೆಯಬಲ್ಲೆ. ಆ ತುಟಿ ನೋಡಿದಾಗ ಒಂದು ಕ್ಷಣ... ಮುಗಿದುಹೋಗಲಿ ಅನ್ನಿಸಿತು. ನನಗೆ. ನನಗೇ.

6 ಆಗಸ್ಟ್, ಸೋಮವಾರ

ಬಳ್ಳಾರಿಯಲ್ಲಿ ಇಂಥ ಮಕ್ಕಳ ಹಾಸ್ಟೆಲ್ ಇದೆ. ಸಿದ್ದು ವಿಚಾರಿಸಿದ. ಒಂದು ಜಾಗ ಖಾಲಿ. ಅತ್ತೆಯನ್ನು ಕೇಳಿದೆ.

"ಉಡಿಯಾಗ ಹಾಕ್ಕೊಂಡಾಕಿ ನೀನು. ಇಟ್ಕಂಡ್ರೂ ನೀನ, ಕಳಿಸಿದ್ರೂ ನೀನ. ನನ್ನ ಕೇಳಬ್ಯಾಡ."

ಬೈದಿದ್ದರೆ ಚೆನ್ನಾಗಿತ್ತು.

ಜೀಪಿನಲ್ಲಿ ಹೋದೆವು. ಫಾರ್ಮ್ ಕೊಟ್ಟರು. 'ಊಟ, ಅಭ್ಯಾಸ, ವಿಶೇಷ ಸೂಚನೆ' ಅಂತ ಅರ್ಧ ಪುಟ ಖಾಲಿ ಬಿಟ್ಟಿದ್ದರು. ಬೇಗ ಹೊರಟರೆ ಸಾಕಾಗಿತ್ತು. 'ಏನೂ ಇಲ್ಲ' ಅಂತ ಬರೆದು ಸಹಿ ಹಾಕಿದೆ. ವಿರು ಸೆರಗು ಹಿಡಿದಿದ್ದಳು. ಬೆರಳು ಒಂದೊಂದಾಗಿ ಬಿಡಿಸಬೇಕಾಯಿತು. ವಾರ್ಡನ್ ಗವಿಸಿದ್ದಪ್ಪ ಒಳ್ಳೆಯವರು. "ಮೂರು ತಿಂಗಳು ಬರಬ್ಯಾಡ್ರಿ ತಂಗಿ, ಹೊಂದ್ಕಂತಾಳ" ಅಂದರು.

7 ಆಗಸ್ಟ್

ಹನ್ನೊಂದು ತಾಸು ನಿದ್ದೆ!! ತಲೆಗೆ ಶಾಂಪೂ! ಸಿದ್ದು ರಜೆ ಹಾಕಿ ಸಿನಿಮಾಗೆ ಕರೆದೊಯ್ದ. ಇಂಟರ್‌ವಲ್ ಮುಂಚೆ — ಸಿರಪ್ ಹೊತ್ತು. ಎದ್ದು ನಿಂತುಬಿಟ್ಟೆ. ಹಿಂದಿನಿಂದ ಯಾರೋ, "ಕುಂದ್ರಿ ಅಕ್ಕಾರ, ಹೀರೋ ಕಾಣವಲ್ಲ!" ಅಂದರು.

ಕೂತೆ.

10 ಆಗಸ್ಟ್, ಶುಕ್ರವಾರ, ಮಧ್ಯಾಹ್ನ 3.10

ಗವಿಸಿದ್ದಪ್ಪನವರ ಫೋನ್. ವಿರು ಮೂರು ದಿನದಿಂದ ಬಾಯಿ ಬಿಡುತ್ತಿಲ್ಲ. ಬಲವಂತ ಮಾಡಿದರೆ ನೆತ್ತಿಗೇರುತ್ತಿದೆ. ಡ್ರಿಪ್ ಹಾಕಿದ್ದಾರೆ.

"ಫಾರ್ಮಿನ್ಯಾಗ ಏನೂ ಇಲ್ಲ ಅಂತ ಬರ್ದೀರಿ. ಮನ್ಯಾಗ ಹೆಂಗ ಉಣಿಸ್ತಿದ್ರಿ ತಂಗಿ?"

ಹೇಳತೊಡಗಿದೆ. ಎದುರಿಗೆ ಕೂರಬಾರದು. ಹಿಂದೆ ಕೂತು ಎದೆಗೆ ಒರಗಿಸಿಕೊಳ್ಳಬೇಕು. ಚಮಚ ಬೇಡ, ಬೆರಳು. ಎಡ ಕೆನ್ನೆಯ ಒಳಗೆ. ಹಾರ್ನ್ ಕೇಳಿದರೆ ಬೆಚ್ಚುತ್ತಾಳೆ, ನಿಲ್ಲುವವರೆಗೂ ತುತ್ತು ಇಡಬಾರದು. ಕಿವಿಯ ಹಿಂದೆ ಮೆಲ್ಲಗೆ ಊದಿದರೆ ನುಂಗುತ್ತಾಳೆ...

"ತಡೀರಿ ತಡೀರಿ, ಬರ್ಕಂತೀನಿ. ಬೆರಳಂದ್ರ ಯಾ ಬೆರಳ್ರಿ?"

ಕೈ ನೋಡಿಕೊಂಡೆ.

"ನಂದು" ಅಂದೆ.

ಸಂಜೆ 5.50, ಬಳ್ಳಾರಿ ಬಸ್ಸು

ಸಿದ್ದು, "ಭಾನುವಾರ ಕೂಡೇ ಹೋಗೋಣು ತಡಿ" ಅಂದ. ನಾನು ತಡೆಯಲಿಲ್ಲ. ಅತ್ತೆ ಬಾಗಿಲಲ್ಲಿ ನಿಂತು, "ರಾತ್ರಿಗೆ ಗಂಜಿ ಮಾಡಿಡ್ಲೇನು?" ಅಂದರು. ಚಪ್ಪಲಿ ಮೆಟ್ಟಿ ಬಸ್ ಸ್ಟ್ಯಾಂಡಿಗೆ ಓಡಿದೆ.

ತೋರಣಗಲ್ಲಿನ ಹತ್ತಿರ ಜಾಮ್. ಮುಂದೆ ಹಿಂದೆ ಅದಿರಿನ ಲಾರಿಗಳೇ. ಮುಕ್ಕಾಲು ತಾಸಿನಿಂದ ನಿಂತಲ್ಲೇ. ಎಲ್ಲ ಹಾರ್ನ್ ಹೊಡೆಯುತ್ತಿದ್ದಾರೆ.

ಭಯ ಹೋಗಿಲ್ಲ. ಕರೆತಂದರೆ ಮತ್ತೆ ಅದೇ. ಅದೇ ಗಂಜಿ, ಅದೇ ಫಿಟ್ಸ್, ಮತ್ತೊಂದು ದಿನ ಮತ್ತೇನೋ ಮರೆಯುತ್ತೇನೆ. ನನ್ನಿಂದ ಆಗುವುದಿಲ್ಲ. ಆದರೆ ಮೂರು ದಿನ, ಒಂದು ಹನಿ ಇಲ್ಲದೆ, ಆ ಬಾಯಿ ಮುಚ್ಚಿಕೊಂಡು —

ಕಂಡಕ್ಟರ್ ಹೇಳುತ್ತಿದ್ದಾನೆ, ಏಳು ಗಂಟೆಯವರೆಗೂ ಗಾಡಿ ಬಿಡಲ್ಲವಂತೆ. ಇಳಿದು ನಡೆಯುತ್ತೇನೆ. ಲಾರಿ ಸಾಲು ಮುಗಿದಲ್ಲಿ ಯಾವುದಾದರೂ ಗಾಡಿ ಸಿಕ್ಕೇ ಸಿಗುತ್ತೆ.